ಇಲ್ಲದ ಊರಿನ ಪಹಣಿ

ಬಿ.ಜಿ. ಕೆರೆಯಲ್ಲಿ ನನಗೊಂದು ಮನೆ ಇದೆ. ಅದಕ್ಕೆ ಖಾತೆ ಇದೆ, ಕಂದಾಯ ಕಟ್ಟಿದ ರಸೀದಿ ಇದೆ, ಮಳೆ ಬಂದರೆ ಸೋರುವ ಒಂದು ಮೂಲೆಯೂ ಇದೆ. ಮಳೆಯೇ ಅಪರೂಪವಾದ್ದರಿಂದ ಆ ಮೂಲೆ ಸೋರಿದ ದಿನ ಮನೆಮಂದಿಗೆಲ್ಲ ಸಂಭ್ರಮ. ಇದಲ್ಲದೆ ಜಪಾನಿನ ತ್ಸುಶಿಮಾ ದ್ವೀಪದಲ್ಲಿ ಕಡಲಿಗೆ ಮುಖ ಮಾಡಿದ ಒಂದು ಜಗಲಿ, ಅಮೆರಿಕದ ಪಶ್ಚಿಮ ಬಯಲಿನಲ್ಲಿ ಒಂದು ಗುಡಾರ ಮತ್ತು ಕುದುರೆ, ಪೆಲಿಕನ್ ಟೌನ್ ಎಂಬ ಊರಿನ ಪಕ್ಕದಲ್ಲಿ ಅಜ್ಜ ಬಿಟ್ಟುಹೋದ ಒಂದು ತೋಟ, ಇವೂ ನನ್ನವೇ. ಇವಕ್ಕೆ ಪಹಣಿ ಇಲ್ಲ. ಮೊಳಕಾಲ್ಮೂರಿನ ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ ಸರ್ವೆ ನಂಬರ್ ಹೇಳಿ ಅನ್ನುತ್ತಾರೆ. ಆದರೂ ರಾತ್ರಿ ಹೊತ್ತು ನಾನು ಎಲ್ಲಿ ವಾಸವಾಗಿದ್ದೇನೆ ಎಂದು ಯಾರಾದರೂ ಪ್ರಾಮಾಣಿಕವಾಗಿ ಕೇಳಿದರೆ ಈ ವಿಳಾಸಗಳನ್ನೇ ಕೊಡಬೇಕಾಗುತ್ತದೆ.

ಈ ಆಸ್ತಿಯೆಲ್ಲ ಬಂದದ್ದು ಅಕ್ಕನ ಮಗನಿಂದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅವನು ಹೊಸ ಯಂತ್ರ ಕೊಂಡ ವರ್ಷ, ಯುಗಾದಿಗೆ ಬರುವಾಗ ಹಳೆಯ ಪ್ಲೇಸ್ಟೇಷನ್ 4 ಅನ್ನು ಡಿಸ್ಕುಗಳ ಸಮೇತ ಬಟ್ಟೆಯ ಚೀಲದಲ್ಲಿ ತಂದು ನಮ್ಮ ಟಿ.ವಿ. ಪಕ್ಕ ಇಟ್ಟುಹೋದ. "ಮಾಮ, ರಿಟೈರ್ ಆದ್ಮೇಲೆ ಆಡು, ಟೈಂ ಪಾಸ್ ಆಗುತ್ತೆ" ಅಂದ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುವ ಮೇಷ್ಟ್ರು ನಿವೃತ್ತಿಯವರೆಗೆ ಕಾಯುವಷ್ಟು ತಾಳ್ಮೆಯ ಪ್ರಾಣಿಯಲ್ಲ. ಧಾರಾವಾಹಿಯ ಅತ್ತೆ ಸೊಸೆಯರು ಆ ದಿನದ ಜಗಳ ಮುಗಿಸಿ ಮಲಗಿದ ಮೇಲೆ ಟಿ.ವಿ. ನನ್ನ ಕೈಗೆ ಬರುತ್ತದೆ. ಅಲ್ಲಿಂದ ನನ್ನ ಪ್ರಯಾಣ ಶುರು.

ಆಟ ಅಂದರೆ ಹೊಡೆದಾಟ ಎಂದು ಸ್ಟಾಫ್ ರೂಮಿನ ಗೆಳೆಯರು ತಿಳಿದಿದ್ದಾರೆ. ಹೊಡೆದಾಟ ಉಂಟು, ನನಗದು ಬೇಕಿಲ್ಲ. 'ಘೋಸ್ಟ್ ಆಫ್ ತ್ಸುಶಿಮಾ' ಎಂಬ ಆಟದಲ್ಲಿ 1274ರಲ್ಲಿ ಮಂಗೋಲರು ದಂಡೆತ್ತಿ ಬಂದಿದ್ದಾರೆ, ದ್ವೀಪ ಹೊತ್ತಿ ಉರಿಯುತ್ತಿದೆ, ಕಥಾನಾಯಕ ಕತ್ತಿ ಹಿಡಿದು ಓಡಬೇಕು. ನಾನು ಅವನನ್ನು ಬಿಳಿ ತೆನೆಯ ಹುಲ್ಲಿನ ನಡುವೆ ನಿಲ್ಲಿಸಿ ಸುಮ್ಮನೆ ನೋಡುತ್ತೇನೆ. ಆ ಆಟದಲ್ಲಿ ದಾರಿ ತೋರಿಸಲು ಬಾಣದ ಗುರುತಿಲ್ಲ. ಹೋಗಬೇಕಾದ ದಿಕ್ಕಿಗೆ ಗಾಳಿ ಬೀಸುತ್ತದೆ, ಹುಲ್ಲು ಆ ಕಡೆಗೆ ಬಾಗುತ್ತದೆ. ಆಷಾಢದಲ್ಲಿ ನಮ್ಮ ಕಡೆ ಬೀಸುವ ಗಾಳಿ ಕಂಡವರಿಗೆ ಇದೇನೂ ವಿಚಿತ್ರವಲ್ಲ. ನಮ್ಮ ಗಾಳಿಯೂ ದಿಕ್ಕು ತೋರಿಸುತ್ತದೆ, ಮೋಡ ಯಾವ ತಾಲ್ಲೂಕಿಗೆ ಹೋಯಿತು ಎಂದು.

ಸೋಜಿಗವೆಂದರೆ, ಇಂಥ ಜಾಗಗಳನ್ನು ಕಂಡಾಗ ನೋಡಿಬರೋಣ ಅನ್ನಿಸುವುದಿಲ್ಲ, ಇದ್ದುಬಿಡೋಣ ಅನ್ನಿಸುತ್ತದೆ. ತಾಜಮಹಲನ್ನು ನೋಡಬೇಕು ಎಂದು ಎಲ್ಲರಿಗೂ ಆಸೆ. ಅಲ್ಲಿ ಬಟ್ಟೆ ಒಣಹಾಕಿ, ಹಾಲಿನವನ ಲೆಕ್ಕ ಚುಕ್ತಾ ಮಾಡಿ, ಸಂಜೆ ಕಟ್ಟೆಯ ಮೇಲೆ ಕೂತು ಪಕ್ಕದ ಮನೆಯವರ ಸುದ್ದಿ ಆಡಬೇಕು ಎಂದು ಯಾರಿಗೂ ಆಸೆಯಿಲ್ಲ. ಆಟದ ಊರುಗಳ ವಿಷಯದಲ್ಲಿ ನನಗೆ ಬರುವುದು ಈ ಎರಡನೆಯ ಆಸೆ. ಅಕ್ಕನ ಮಗನಿಗೂ ಅಷ್ಟೇ. ಐಸ್‌ಲ್ಯಾಂಡಿಗೋ ಜಪಾನಿಗೋ ಹೋಗಿ ನೆಲೆಸಬೇಕು ಎಂದು ಅವನು ಆಗಾಗ ಫೋನಿನಲ್ಲಿ ಕೊರಗುತ್ತಾನೆ. ಬಿ.ಜಿ. ಕೆರೆಯಲ್ಲಿ ನೆಲೆಸುವ ಮಾತು ಮಾತ್ರ ಅವನ ಬಾಯಿಂದ ಬಂದದ್ದಿಲ್ಲ.

ಕಥೆಯೊಳಗಿನ ಊರಿಗೆ ಆಸೆಪಡುವುದನ್ನು ಈ ಯಂತ್ರವೇ ಕಲಿಸಿತು ಅನ್ನುವಂತಿಲ್ಲ. ಹಿಂದಿನವರಿಗೆ ಪುಸ್ತಕ, ಸಿನಿಮಾ ಸಾಕಾಗಿದ್ದವು. ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ ಯಾವ ನಕ್ಷೆಯಲ್ಲೂ ಇಲ್ಲ. ಧಾರಾವಾಹಿ ಮಾಡಹೊರಟ ಶಂಕರ್ ನಾಗ್ ಅದನ್ನು ಆಗುಂಬೆಯಲ್ಲಿ ಹುಡುಕಿದರು. ಧಾರಾವಾಹಿ ಬಂದು ಇಷ್ಟು ವರ್ಷವಾದರೂ ಜನ ಅದರ ಚಿತ್ರೀಕರಣ ನಡೆದ ದೊಡ್ಡಮನೆಯ ಜಗಲಿ ನೋಡಲು ಹೋಗುತ್ತಲೇ ಇದ್ದಾರೆ. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು. ಇಲ್ಲದ ಊರಿಗೆ ಇರುವ ಸ್ಟೇಷನ್ನು! ನಮ್ಮದೇ ಜಿಲ್ಲೆಗೆ ಬಂದರೆ ತ.ರಾ.ಸು. ಇದ್ದಾರೆ. ಅವರ ಮನೆತನದ ಊರು ತಳಕು, ನಮ್ಮ ನೆರೆಯ ಊರೇ. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ಮಾಡಿದ ಮೇಲೆ ಚಿತ್ರದುರ್ಗದ ಕೋಟೆಗೆ ಬರುವವರ ನಡಿಗೆಯೇ ಬದಲಾಯಿತು. ಕೋಟೆ ನೋಡಲು ಬಂದವರು ರಾಮಾಚಾರಿ ಎಲ್ಲಿ ಕೂತಿದ್ದ, ಓಬವ್ವ ಎಲ್ಲಿ ನಿಂತಿದ್ದಳು ಎಂದು ಹುಡುಕತೊಡಗಿದರು. ಕಿಂಡಿಯಲ್ಲಿ ತೂರಿಬಂದ ಹುಡುಗರು ತಮ್ಮನ್ನು ಹೈದರನ ಸೈನಿಕರೆಂದೇ ತಿಳಿದು ತಲೆ ತಪ್ಪಿಸಿಕೊಳ್ಳುವುದನ್ನು ಶಾಲೆಯ ಪ್ರವಾಸಕ್ಕೆ ಹೋದಾಗಲೆಲ್ಲ ನೋಡಿದ್ದೇನೆ. ಆ ಬಂಡೆ ಓಬವ್ವನ ಕಥೆಗೂ ಮೊದಲಿನಿಂದ ಅಲ್ಲೇ ಇದೆ. ಅದರ ಸಂದಿಯಲ್ಲಿ ಬಗ್ಗಿ ನುಗ್ಗುವ ಆಸೆ ಹುಟ್ಟಲು ಕಥೆಯೊಂದು ಬೇಕಾಯಿತು.

ಕಥೆ ಹುಟ್ಟಿಸಿದ ಆಸೆ ಕೆಲವೊಮ್ಮೆ ಜೇಬಿಗೂ ಕೈ ಹಾಕಿಸುತ್ತದೆ. 2020ರ ಸೆಪ್ಟೆಂಬರಿನಲ್ಲಿ ಬೀಸಿದ ಚಂಡಮಾರುತಕ್ಕೆ ನಿಜವಾದ ತ್ಸುಶಿಮಾದ ವತತ್ಸುಮಿ ದೇಗುಲದ ಒಂದು ತೋರಿ, ಅಂದರೆ ಅವರ ದೇವಸ್ಥಾನದ ಮುಂದಿನ ಕಮಾನು, ಮುರಿದುಬಿತ್ತು. ಆಟ ಬಿಡುಗಡೆಯಾಗಿದ್ದೂ ಆ ವರ್ಷವೇ. ಕಮಾನನ್ನು ಮತ್ತೆ ಎತ್ತಿ ನಿಲ್ಲಿಸಲು ದೇಗುಲದವರು ಜನರ ಮುಂದೆ ಕೈಚಾಚಿದರು. ಬೇಕಾಗಿದ್ದದ್ದು 50 ಲಕ್ಷ ಯೆನ್, ಬಂದದ್ದು 2 ಕೋಟಿ 70 ಲಕ್ಷಕ್ಕೂ ಹೆಚ್ಚು. ಕೊಟ್ಟವರಲ್ಲಿ ಆ ಆಟ ಆಡಿದವರು ಬಹಳ ಜನ. ಅವರಲ್ಲಿ ಎಷ್ಟೋ ಮಂದಿ ಆ ದ್ವೀಪದ ಮಣ್ಣು ಮೆಟ್ಟಿದವರಲ್ಲ. ಆಟ ಮಾಡಿದ ಇಬ್ಬರು ನಿರ್ದೇಶಕರನ್ನು ತ್ಸುಶಿಮಾ ನಗರದವರು 2021ರಲ್ಲಿ ತಮ್ಮ ಪ್ರವಾಸೋದ್ಯಮದ ರಾಯಭಾರಿಗಳೆಂದು ಕರೆದು ಗೌರವಿಸಿದರು. ಈ ಸುದ್ದಿಯನ್ನು ಸ್ಟಾಫ್ ರೂಮಿನಲ್ಲಿ ಹೇಳಿದೆ. "ನಮ್ಮೂರ ಗುಡಿ ಗೋಪುರದ ಚಂದಾ ಪುಸ್ತಕ ಅವರಿಗೂ ಒಂದು ಕಳಿಸ್ರಿ ಮೇಷ್ಟ್ರೇ" ಎಂದು ಕನ್ನಡ ಮೇಷ್ಟ್ರು ಚಹಾ ಹೀರಿದರು.

ಕರ್ನಾಟಕವೂ ಆಟದೊಳಗೆ ಹೋಗಿಬಂದಿದೆ. 2017ರಲ್ಲಿ ಬಂದ 'ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ' ನಡೆಯುವುದು ಪಶ್ಚಿಮ ಘಟ್ಟದಲ್ಲಿ. ಕ್ಲೋಯಿ ಮತ್ತು ನಾಡೀನ್ ಎಂಬ ಇಬ್ಬರು ಹೆಂಗಸರು ಗಣೇಶನ ದಂತ ಹುಡುಕುತ್ತ ಹೊಯ್ಸಳರ ಕಳೆದುಹೋದ ರಾಜಧಾನಿಗೆ ಹೊರಟಿದ್ದಾರೆ. ಆ ರಾಜಧಾನಿ ಜಲಪಾತಗಳ ಹಿಂದೆ, ಕಾಡುಕಣಿವೆಯ ನಡುವೆ, ಆಕಾಶದೆತ್ತರದ ವಿಗ್ರಹಗಳ ನೆರಳಿನಲ್ಲಿ ಅಡಗಿದೆ. ಅದರ ಹೆಸರು ಹಳೇಬೀಡು ಎಂದು ಗೊತ್ತಾದಾಗ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಹಳೇಬೀಡು ಕಳೆದುಹೋಗಿಲ್ಲ. ಹಾಸನದಿಂದ ಬಸ್ಸಿದೆ, ಗುಡಿಯ ಎದುರು ಎಳನೀರು ಸಿಗುತ್ತದೆ, 2023ರಲ್ಲಿ ಬೇಲೂರು ಸೋಮನಾಥಪುರಗಳ ಜೊತೆಗೆ ಯುನೆಸ್ಕೋ ಪಟ್ಟಿಗೂ ಸೇರಿತು. ನಗು ಮುಗಿದ ಮೇಲೆ ಮತ್ತೆ ಜೀಪು ಹತ್ತಿ ಆ ಸುಳ್ಳು ಕಣಿವೆಯಲ್ಲೇ ಸುತ್ತಿದೆ. ಕೆಸರಿನಲ್ಲಿ ಗಾಲಿ ಹೂತು, ಮರಕ್ಕೆ ಹಗ್ಗ ಬಿಗಿದು ಜೀಪನ್ನು ಎಳೆದು, ಪಾಳುಬಿದ್ದ ಮೆಟ್ಟಿಲು ಹತ್ತಿ ಒಂದು ಕಂಬದ ಬುಡದ ಕೆತ್ತನೆಯ ಮುಂದೆ ನಿಂತೆ. ನಿಜವಾದ ಹಳೇಬೀಡಿಗೆ ಶಾಲೆಯ ಮಕ್ಕಳನ್ನು ಕರೆದೊಯ್ದಾಗ ಯಾವ ಕಂಬದ ಮುಂದೆಯೂ ಅಷ್ಟು ಹೊತ್ತು ನಿಂತದ್ದು ನೆನಪಿಲ್ಲ. ಅಲ್ಲಿ ತಲೆ ಎಣಿಸುವುದೇ ಕೆಲಸ. ಊಟಕ್ಕೆ ಶ್ರವಣಬೆಳಗೊಳ ಮುಟ್ಟಬೇಕು ಎಂದು ಡ್ರೈವರು ಹಾರ್ನ್ ಹೊಡೆಯುತ್ತಿರುತ್ತಾನೆ.

ಇಷ್ಟೆಲ್ಲ ಊರುಗಳಲ್ಲಿ ನಮ್ಮ ಮನೆಯಲ್ಲಿ ಚರ್ಚೆಗೆ ಬಂದದ್ದು ಒಂದೇ, 'ಸ್ಟಾರ್‌ಡ್ಯೂ ವ್ಯಾಲಿ'. ಎರಿಕ್ ಬ್ಯಾರೋನ್ ಎಂಬಾತ ಒಬ್ಬನೇ ಕೂತು ನಾಲ್ಕು ವರ್ಷಕ್ಕೂ ಮೇಲೆ ದುಡಿದು 2016ರಲ್ಲಿ ಹೊರತಂದ ಆಟ ಇದು. ಚಿತ್ರವೆಲ್ಲ ಹಳೆಯ ಕಾಲದ ಚೌಕುಳಿ ಚುಕ್ಕೆಗಳದು. ಪಟ್ಟಣದ ಕಂಪನಿಯಲ್ಲಿ ಕಂಪ್ಯೂಟರಿನ ಮುಂದೆ ಬೇಸತ್ತು ಕೂತವನಿಗೆ ಅಜ್ಜ ಬರೆದಿಟ್ಟ ಕಾಗದ ಸಿಗುತ್ತದೆ; ಹಳ್ಳಿಯ ತೋಟ ನಿನ್ನದೇ, ಹೋಗು ಎಂದು. ಅವನು ಹೋಗುತ್ತಾನೆ. ಕೊಡಲಿ, ಗುದ್ದಲಿ, ಕುಡುಗೋಲು, ನೀರಿನ ಡಬ್ಬ ಕೈಗೆ ಬರುತ್ತವೆ, ಊರ ಮುಖಂಡ 15 ಬೀಜ ಕೊಡುತ್ತಾನೆ. ಬೆಂಗಳೂರಿನ ಎಷ್ಟು ಗಾಜಿನ ಕಟ್ಟಡಗಳಲ್ಲಿ ಎಷ್ಟು ರೈತರ ಮೊಮ್ಮಕ್ಕಳು ರಾತ್ರಿ ಊಟ ತರಿಸಿಕೊಂಡು ಈ ತೋಟಕ್ಕೆ ನೀರು ಹಾಕುತ್ತಿದ್ದಾರೋ. ನಮ್ಮ ಅಕ್ಕನ ಮಗ ಅವರಲ್ಲೊಬ್ಬ. ಅವನ ಅಜ್ಜನ ನಿಜವಾದ ಹೊಲ ಊರ ತೆಂಕಣಕ್ಕೆ ಕೆಂಪು ಮರಳುಮಣ್ಣಿನಲ್ಲಿ ಬಿದ್ದಿದೆ, ವಾರ ಕೊಟ್ಟಿದ್ದೇವೆ.

ಒಂದು ರಾತ್ರಿ ನಿದ್ದೆ ಬಾರದ ಅವ್ವ ಪಡಸಾಲೆಗೆ ಬಂದು ನನ್ನ ಬೇಸಾಯ ನೋಡುತ್ತ ಕೂತಳು.

"ಏನಪ್ಪಾ ಅದು, ಬಿತ್ತಿದ್ದೆಲ್ಲ ಹುಟ್ಟುತೈತಾ?"

"ಎಲ್ಲಾ ಹುಟ್ಟುತೈತವ್ವ."

"ಗೆಡ್ಡೆ ಕೀಳಾಕೆ ಎಷ್ಟು ದಿನ ಬೇಕು?"

"ನಾಕು ದಿನ."

"ಮಳೆ?"

ಆಟದ ಮನೆಯೊಳಗೂ ಒಂದು ಟಿ.ವಿ. ಇದೆ. ಅದನ್ನು ಹಾಕಿ ತೋರಿಸಿದೆ. "ನಾಳೆ ಮಳೆ ಅಂತ ಇದು ಹೇಳಿದ್ರೆ ನಾಳೆ ಬಂದೇ ಬರುತೈತೆ. ಬಂದ ದಿನ ನೀರು ಹಾಕೋ ಕೆಲಸ ಇಲ್ಲ."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಹಂಗಾದ್ರೆ ಅಲ್ಲಿ ದೇವರಿಗೇನಪ್ಪಾ ಕೆಲಸ?"

ಅವ್ವನ ಪ್ರಶ್ನೆಗೆ ಎರಿಕ್ ಬ್ಯಾರೋನ್ ಏನು ಹೇಳುತ್ತಿದ್ದನೋ ಗೊತ್ತಿಲ್ಲ. ಆ ಆಟದಲ್ಲಿ ವರ್ಷಕ್ಕೆ ನಾಲ್ಕು ಕಾಲ, ಒಂದೊಂದು ಕಾಲಕ್ಕೆ ಸರಿಯಾಗಿ 28 ದಿನ. ಅವ್ವನ ವರ್ಷಕ್ಕೆ 27 ಮಳೆ. ರೋಹಿಣಿ ಹನಿಸಿದರೆ ನೆಲ ಹದ, ಆರಿದ್ರ ಪುನರ್ವಸುವಿಗೆ ಶೇಂಗಾ ಬಿತ್ತನೆ, ಕಾಯಿ ಕಟ್ಟುವ ಹೊತ್ತಿಗೆ ಮಖ ಹುಬ್ಬೆಯಲ್ಲಿ ಒಂದಾದರೂ ಬರಬೇಕು. ಪಂಚಾಂಗದಲ್ಲಿ ಅಷ್ಟೂ ಅಚ್ಚಾಗಿರುತ್ತವೆ, ಆಕಾಶದಲ್ಲಿ ಯಾವುದು ಬರುತ್ತದೋ ಬಂದಾಗಲೇ ಗೊತ್ತು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ರಾಜ್ಯದಲ್ಲಿ ಮಳೆ ತೀರ ಕಡಿಮೆಯ ತಾಲ್ಲೂಕುಗಳು. ಶೇಂಗಾ ಎಣ್ಣೆಯ ಗಾಣ ಗಿರಣಿಗಳಿಂದ ಚಳ್ಳಕೆರೆಗೆ ಎಣ್ಣೆನಗರಿ ಎಂಬ ಹೆಸರು ಬಂತು. ಆ ಹೆಸರನ್ನು ಉಳಿಸಿಕೊಳ್ಳಲು ಇಲ್ಲಿಯ ರೈತ ಪ್ರತಿ ಮುಂಗಾರಿನಲ್ಲೂ ಮನೆಯ ಬಿತ್ತನೆ ಬೀಜವನ್ನು ಮಣ್ಣಿಗೆ ಸುರಿದು ಮುಗಿಲು ನೋಡುತ್ತಾನೆ. ದುಡಿದರೆ ಫಲ ಖಂಡಿತ ಎಂಬ ಕರಾರು ಆಟದ ಹೊಲಕ್ಕಿದೆ. ಅಲ್ಲಿ ಹೋಗಿ ಇದ್ದುಬಿಡೋಣ ಅನ್ನಿಸುವುದರಲ್ಲಿ ಈ ಕರಾರಿನ ಪಾಲು ದೊಡ್ಡದು. ಬೆಳೆವಿಮೆಯ ಅರ್ಜಿ ತುಂಬಿಸಲು ಸಾಲಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಏಳುವ ಮುಂಚೆ ಅವ್ವ ಕೇಳಿದ ಕಡೆಯ ಪ್ರಶ್ನೆ, ಆ ಊರಲ್ಲಿ ಶೇಂಗಾ ಬೆಳೀತಾರಾ ಎಂಬುದು. ಇಲ್ಲ, ಆ ಆಟದಲ್ಲಿ ಶೇಂಗಾ ಬೆಳೆಯೇ ಇಲ್ಲ ಅಂದೆ. "ಹಂಗಾದ್ರೆ ಚಟ್ನಿಪುಡಿಗೆ ಏನು ಮಾಡ್ತಾರೋ ಏನೋ" ಎಂದು ಆ ಊರಿನವರ ಬಗ್ಗೆ ಮರುಗುತ್ತ ಮಲಗಲು ಹೋದಳು.

ಕರಾರು ಮಾತ್ರವೇ ಕಾರಣವಾಗಿದ್ದರೆ ತ್ಸುಶಿಮಾದಲ್ಲಿ ಮನೆ ಮಾಡುವ ಆಸೆ ಯಾಕೆ ಬರಬೇಕು? ಅಲ್ಲಿ ಬೆಳೆ ಇಲ್ಲ, ಕರಾರಿಲ್ಲ, ಹೆಜ್ಜೆಗೊಬ್ಬ ಮಂಗೋಲ ಬೇರೆ. ಇದಕ್ಕೆ ಉತ್ತರ ನನಗೆ ಆಟದ ಒಂದು ಸಣ್ಣ ನಿಯಮದಲ್ಲಿ ಸಿಕ್ಕಿತು. ಈ ದೊಡ್ಡ ಆಟಗಳಲ್ಲಿ ಫಾಸ್ಟ್ ಟ್ರಾವೆಲ್ ಎಂಬುದೊಂದುಂಟು. ನಕ್ಷೆಯಲ್ಲಿ ಊರಿನ ಗುರುತು ಒತ್ತಿದರೆ ಕಣ್ಣುಮುಚ್ಚಿ ತೆರೆಯುವುದರಲ್ಲಿ ಅಲ್ಲಿರುತ್ತೀರಿ. ಷರತ್ತು ಒಂದೇ: ಮೊದಲ ಸಲ ಆ ಊರಿಗೆ ನೀವಾಗಿಯೇ ಹೋಗಿ ತಲುಪಿರಬೇಕು. ಹಳ್ಳ ದಾಟಿ, ಗುಡ್ಡ ಹತ್ತಿ, ದಾರಿ ತಪ್ಪಿ, ಕತ್ತಲಾಗಿ, ಯಾರದೋ ಗುಡಿಸಲಿನ ದೀಪ ನೋಡಿಕೊಂಡು ಮುಟ್ಟಿದ ಊರಿಗೆ ಮಾತ್ರ ಆಮೇಲೆ ಹಾರಿ ಹೋಗಬಹುದು. ಕಾಲಿಟ್ಟಿರದ ಊರುಗಳು ನಕ್ಷೆಯಲ್ಲಿ ಮಂಜು ಮುಸುಕಿಕೊಂಡು ಕೂತಿರುತ್ತವೆ.

ನಮ್ಮ ಬದುಕಿನಲ್ಲಿ ಈ ನಿಯಮ ತಿರುವುಮುರುವಾಗಿದೆ. ಬಿ.ಜಿ. ಕೆರೆ ಇರುವುದು ಹಿರಿಯೂರಿನಿಂದ ಚಳ್ಳಕೆರೆ ಮೇಲೆ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ. ಹಗಲೂ ರಾತ್ರಿ ವಾಹನಗಳು ನಮ್ಮೂರನ್ನು ಹಾದುಹೋಗುತ್ತವೆ. ಕಿಟಕಿಯಲ್ಲಿ ಕೂತವರು ತಳಕು ಕಳೆದ ಮೇಲೆ ನಿದ್ದೆ ಹೋಗಿ ಹಾನಗಲ್ಲಿನಲ್ಲಿ ಏಳುತ್ತಾರೆ. ನಡುವೆ ಒಂದು ಊರು ಬಂದು ಹೋಯಿತು ಎಂದು ಅವರಿಗೆ ಹೇಳುವವರಿಲ್ಲ. ಅವರನ್ನು ಅಂದು ಫಲವೇನು, ಊರಿನವರೇ ಊರು ದಾಟುವುದು ಬೈಕಿನಲ್ಲಿ. 'ರೆಡ್ ಡೆಡ್ ರಿಡೆಂಪ್ಶನ್ 2'ರ ಬಯಲಿನಲ್ಲಿ ಕುದುರೆಯ ಮೇಲೆ ಅಲೆದಾಡಿ ನನಗೆ ಅಲ್ಲಿಯ ಒಂದೊಂದು ಬಂಡೆಯ ಗುರುತೂ ಇತ್ತು. ಮೊಳಕಾಲ್ಮೂರಿನ ಸುತ್ತಲ ಬಂಡೆಗುಡ್ಡಗಳು ಅದಕ್ಕೇನು ಕಡಿಮೆ? ಒಂದರ ಮೇಲೊಂದು ಕೂತ ಗುಂಡುಗಳು, ನಡುವೆ ಸೀತಾಫಲದ ಪೊದೆ, ಸಂದಿಯಲ್ಲಿ ಕರಡಿ. ಅವುಗಳಲ್ಲಿ ಯಾವುದರ ಹೆಸರೂ ನನಗೆ ತಿಳಿದಿರಲಿಲ್ಲ. ಊರಿನ ಮೇಲಿನ ಆಸೆ ಹುಟ್ಟುವುದು ಪಾದದಲ್ಲಿ. ಕಣ್ಣಿಗೆ ಅದು ಆಮೇಲೆ ಏರುತ್ತದೆ. ಆಟ ಮಾಡುವವರಿಗೆ ಇದು ಗೊತ್ತಿದೆ. ಆದ್ದರಿಂದಲೇ ನಮ್ಮನ್ನು ಅಷ್ಟು ನಡೆಸುತ್ತಾರೆ.

ಹೀಗೆ ಯೋಚನೆ ಹತ್ತಿದ ಮೇಲೆ ಒಂದು ಭಾನುವಾರ ಕಿಲಾರಿಯೊಬ್ಬರ ಜೊತೆ ಹೊರಟೆ. ನಮ್ಮ ಕಡೆ ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಅವನ್ನು ಉಳುಮೆಗೆ ಕಟ್ಟುವುದಿಲ್ಲ, ಮಾರುವುದಿಲ್ಲ; ಅವು ದೇವರ ಸೊತ್ತು. ಅವುಗಳ ಹಿಂದೆ ದಿನವಿಡೀ ಅಲೆಯುವವರು ಕಿಲಾರಿ. ಇವರು ನನಗಿಂತ ಹಿರಿಯರು, ಹೆಗಲ ಮೇಲೆ ಕಂಬಳಿ, ಕೈಯಲ್ಲೊಂದು ಕೋಲು. ಎತ್ತುಗಳು ಮುಂದೆ, ಅವರು ಹಿಂದೆ, ನಾನು ಇನ್ನೂ ಹಿಂದೆ. ನಮ್ಮ ನಡಿಗೆಯ ದಿಕ್ಕನ್ನು ತೀರ್ಮಾನಿಸಿದ್ದು ಮುಂದಿನ ಬಿಳಿ ಎತ್ತು. ಅದು ಆಗಾಗ ನಿಂತು, ಮೂತಿ ಎತ್ತಿ, ಗಾಳಿ ಮೂಸಿ, ಹಸಿ ಇರುವ ಕಡೆಗೆ ತಿರುಗುತ್ತಿತ್ತು. ತ್ಸುಶಿಮಾದ ಗಾಳಿಗೆ ನಮ್ಮಲ್ಲಿ ನಾಲ್ಕು ಕಾಲು, ಎರಡು ಕೊಂಬು.

ಗುಡ್ಡದ ಅರ್ಧಕ್ಕೆ ಏರಿದ ಮೇಲೆ ಒಂದು ದೊಣೆ ಸಿಕ್ಕಿತು. ಹಾಸುಬಂಡೆಯ ತಗ್ಗಿನಲ್ಲಿ ಮಳೆನೀರು ನಿಂತಿದೆ. ಅಂಚಿನಲ್ಲಿ ನೀರು ಇಳಿದಂತೆಲ್ಲ ಉಳಿದ ಬಿಳಿ ಗೆರೆಗಳು, ಒಂದರ ಕೆಳಗೊಂದು. ಕಿಲಾರಿ ಕೋಲಿನ ತುದಿಯಿಂದ ಗೆರೆ ಮುಟ್ಟಿ ಓದಿದರು. "ಈ ಗೆರೆ ತನಕ ಉತ್ತರೆ ಮಳಿಗೆ ತುಂಬಿತ್ತು ಮೇಷ್ಟ್ರೇ. ಇಲ್ಲೀಗೆ ಇಳಿದರೆ ಶಿವರಾತ್ರಿ. ಇದಕ್ಕಿಂತ ಕೆಳಗೆ ಇಳಿದರೆ ಎತ್ತು ಹೊಡ್ಕಂಡು ಬೇರೆ ಕಡೆ ಹೋಗಬೇಕು." ಎತ್ತುಗಳು ಮೊಣಕಾಲು ಬಗ್ಗಿಸಿ ಕುಡಿದವು. ಕುಡಿಯುವಾಗ ನೀರಿನ ಮೇಲಿದ್ದ ಕಡ್ಡಿಕಸವನ್ನು ಉಸಿರಿನಿಂದಲೇ ಪಕ್ಕಕ್ಕೆ ಊದುವುದನ್ನು ಅಷ್ಟು ಹತ್ತಿರದಿಂದ ನಾನು ಕಂಡಿರಲಿಲ್ಲ. ಅವು ಕುಡಿದಾದ ಮೇಲೆ ಕಿಲಾರಿ ಇನ್ನೊಂದು ಮಗ್ಗುಲಿಗೆ ಹೋಗಿ ಬೊಗಸೆಯಲ್ಲಿ ಮೊಗೆದು ತಾವೂ ಕುಡಿದರು, ನನಗೂ ಕುಡಿಸಿದರು.

ನೆರಳಿಗೆ ಕೂತಾಗ ಅವರೇ ಮಾತು ತೆಗೆದರು. "ಟೀವಿಯಾಗೆ ಕುದುರೆ ಓಡಿಸ್ತೀರಂತೆ, ಹುಡುಗರು ಅಂತಿದ್ರು."

"ಹೌದು."

"ಅದಕ್ಕೆ ಮೇವು ಹಾಕೋರು ಯಾರು?"

"ನಾನೇ ಹಾಕಬೇಕು. ಮೈ ತಿಕ್ಕಬೇಕು, ಕುತ್ತಿಗೆ ಸವರಬೇಕು. ಇಲ್ಲದಿದ್ರೆ ಸೊರಗುತ್ತೆ, ಹೇಳಿದ ಮಾತು ಕೇಳಲ್ಲ."

"ಹಂಗಾದ್ರೆ ಪರವಾಗಿಲ್ಲ ಬಿಡ್ರಿ" ಅಂದರು. ನನ್ನ ರಾತ್ರಿಯ ಬದುಕಿಗೆ ಇಷ್ಟು ಸರಾಗವಾಗಿ ಮಂಜೂರಾತಿ ಕೊಟ್ಟವರು ಅವರೊಬ್ಬರೇ.

ನಡಿಗೆಯ ರುಚಿ ಹತ್ತಿದ ಮೇಲೆ ಬ್ರಹ್ಮಗಿರಿಗೂ ಹೋದೆ. ಹತ್ತನೆಯ ಶತಮಾನವೋ ಹನ್ನೆರಡನೆಯದೋ ಎಂದು ಗೊಂದಲವಿಲ್ಲದ, ಹಳೆಯದೆಂದರೆ ನಿಜಕ್ಕೂ ಹಳೆಯದಾದ ಜಾಗ. ಅಲ್ಲಿ, ಪಕ್ಕದ ಸಿದ್ದಾಪುರದಲ್ಲಿ, ಎದುರಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ತಪ್ಪಲನ್ನು ಅಗೆದು ಕಲ್ಲುಗೊಡಲಿಯ ಜನರಿಂದ ಹಿಡಿದು ಶಾತವಾಹನರ ಕಾಲದವರೆಗಿನ ಬದುಕಿನ ಪದರಗಳನ್ನು ತೆರೆದಿಟ್ಟರು. ಪಾಠದಲ್ಲಿ ನಾನು ಇದನ್ನೆಲ್ಲ ವರ್ಷವರ್ಷವೂ ಹೇಳುತ್ತೇನೆ, ಎರಡು ಅಂಕಕ್ಕೆ.

ಆಟಗಳಲ್ಲಿ ಬಂಡೆಯ ಸಂದಿಯಲ್ಲೋ ಪಾಳುಮನೆಯ ಮೇಜಿನ ಮೇಲೋ ಒಂದು ಕಾಗದ ಸಿಗುತ್ತದೆ. ಯಾರೋ ಯಾರಿಗೋ ಬರೆದದ್ದು. ನಾವು ಅದನ್ನು ಅಕ್ಷರ ಬಿಡದೆ ಓದುತ್ತೇವೆ, ಮುಂದಿನ ದಾರಿ ಅದರಲ್ಲಿರುತ್ತದೆ ಎಂದು. ಬ್ರಹ್ಮಗಿರಿಯ ಬಂಡೆಯ ಮೇಲಿರುವುದೂ ಅಂಥದೇ ಓಲೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ದೊರೆಯ ಮಾತನ್ನು ತಿಳಿಸುತ್ತಾರೆ. ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆ ಇರಲಿ, ಸುಳ್ಳಾಡಬೇಡಿ, ಗುರುವಿಗೆ ಮರ್ಯಾದೆ ಕೊಡಿ ಎಂಬ ಸಾರಾಂಶ. ಇಸಿಲ ಅಂದರೆ ಇದೇ ನೆಲದಲ್ಲಿದ್ದ ಪಟ್ಟಣ. ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದರೆ, ತಾನು ಲಿಪಿಕಾರ ಎನ್ನುವ ಒಂದು ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ದೂರದ ವಾಯವ್ಯದ ಲಿಪಿ. ಅಷ್ಟು ದೂರದ ಬರವಣಿಗೆ ಕಲಿತ ಕೈಯೊಂದು ಮೊಳಕಾಲ್ಮೂರಿನ ಬಿಸಿಲಿನಲ್ಲಿ ಕೂತು, ಕೆಲಸ ಮುಗಿದ ಮೇಲೆ ತನಗೆ ಆ ಲಿಪಿಯೂ ಬರುತ್ತದೆ ಎಂದು ತೋರಿಸಿಕೊಂಡ ಗಳಿಗೆ ಅದು. ಇಲ್ಲಿನ ಯಾರಿಗೆ ಅದನ್ನು ಓದಲು ಬರುತ್ತಿತ್ತೋ! ನೌಕರಿಯ ಮೇಲೆ ದೂರದೂರಿಗೆ ಬಂದವನ ಸಣ್ಣ ಜಂಬ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಬಾಳಿದೆ. ಚಪಡನಿಗೆ ಈ ಊರಲ್ಲಿ ಇದ್ದುಬಿಡೋಣ ಅನ್ನಿಸಿತ್ತೋ, ವರ್ಗಾವಣೆಗೆ ಅರ್ಜಿ ಹಾಕಿದ್ದನೋ, ಅದನ್ನು ಬಂಡೆ ಹೇಳುವುದಿಲ್ಲ.

ಎದುರಿನ ಜಟಿಂಗ ರಾಮೇಶ್ವರದಲ್ಲಿ ಜಟಾಯು ಬಿದ್ದನೆಂದು ನಮ್ಮ ಜನ ನಂಬುತ್ತಾರೆ. ರಾವಣ ಸೀತೆಯನ್ನು ಒಯ್ದ ವಾಹನ ಜನರ ಬಾಯಲ್ಲಿ ಪುಷ್ಪಕ ವಿಮಾನವೇ. ಈಗ ಅದೇ ಸೀಮೆಯಲ್ಲಿ, ತೆಂಕಣಕ್ಕೆ ಚಳ್ಳಕೆರೆಯ ಬಯಲಿನಲ್ಲಿ ನಡೆದದ್ದನ್ನು ಕೇಳಿ. 2023ರ ಏಪ್ರಿಲ್ 2ರ ಬೆಳಿಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರೊಂದು ಇಸ್ರೋದ ರೆಕ್ಕೆಯ ವಾಹನವನ್ನು ಕಟ್ಟಿಕೊಂಡು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಚಾಲಕನಿಲ್ಲದ ಆ ವಾಹನ ತಾನ್ತಾನೇ ದಾರಿ ಲೆಕ್ಕಹಾಕಿ ರನ್‌ವೇ ಮೇಲೆ ಇಳಿಯಿತು. ಮುಂದಿನ ವರ್ಷ ಮಾರ್ಚ್ 22ರಂದೂ ಜೂನ್ 23ರಂದೂ ಮತ್ತೆ ಇಳಿಯಿತು. ಅದಕ್ಕೆ ಇಟ್ಟ ಹೆಸರು ಪುಷ್ಪಕ್. ಜಟಾಯು ಬಿದ್ದ ಬೆಟ್ಟದ ಸೀಮೆಯಲ್ಲೇ ಪುಷ್ಪಕ ಇಳಿಯುತ್ತದೆ ಎಂದು ಆಟದ ಕಥೆ ಬರೆಯುವವನು ಬರೆದಿದ್ದರೆ ಅತಿಯಾಯಿತು ಎಂದು ಹೊಡೆದುಹಾಕುತ್ತಿದ್ದರು.

ಅದು ಇಳಿದ ನೆಲ ಒಂದು ಕಾಲದ ಅಮೃತಮಹಲ್ ಕಾವಲು. ಮೈಸೂರು ಅರಸರ ಕಾಲದಿಂದ ದನ ಮೇಯ್ದ ಹುಲ್ಲುಗಾವಲು. ಈಚಿನ ದಶಕಗಳಲ್ಲಿ ಅದರ ಸಾವಿರಾರು ಎಕರೆ ಡಿ.ಆರ್.ಡಿ.ಓ., ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಕುದಾಪುರದಲ್ಲಿ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ಆಟಗಳಲ್ಲಿ ನಕ್ಷೆ ಮುಗಿಯುವ ಕಡೆ ಕಾಣದ ಗೋಡೆ ಇರುತ್ತದೆ. ಮುಂದೆ ಬಯಲು ಕಾಣುತ್ತದೆ, ಕಾಲು ಮುಂದಕ್ಕೆ ಹೋಗುವುದಿಲ್ಲ. ಕಾವಲಿನ ಗೋಡೆ ಕಣ್ಣಿಗೆ ಕಾಣುತ್ತದೆ ಎಂಬುದಷ್ಟೇ ವ್ಯತ್ಯಾಸ. ಕಿಲಾರಿಗೂ ಕುರಿಗಾಹಿಗೂ ಅದು ನಕ್ಷೆಯ ಅಂಚು. ಪುಷ್ಪಕ ಇಳಿದ ದಿನ ಶಾಲೆಯಲ್ಲಿ ಮಕ್ಕಳ ಜೊತೆ ನಾನೂ ಚಪ್ಪಾಳೆ ತಟ್ಟಿದೆ, ಹೆಮ್ಮೆಯೂ ಆಯಿತು. ಹಾಗೆಯೇ, ಇಷ್ಟು ದೊಡ್ಡ ಜಾಗಕ್ಕೆ ಆಸೆಪಟ್ಟವರಲ್ಲಿ ಅದನ್ನು ಒಮ್ಮೆಯಾದರೂ ಈ ಅಂಚಿನಿಂದ ಆ ಅಂಚಿಗೆ ನಡೆದು ನೋಡಿದವರು ಎಷ್ಟು ಜನ ಎಂದೂ ಅನ್ನಿಸಿತು. ನಡೆದಿದ್ದರೆ ದನದ ದಾರಿಗಳು ಕಾಲಿಗೆ ತಗುಲುತ್ತಿದ್ದವು.

ಈಚೆಗೆ ನಾನೊಂದು ಆಟ ಕಟ್ಟುತ್ತಿದ್ದೇನೆ, ತಲೆಯೊಳಗೆ. ನಕ್ಷೆ ತಳಕಿನಿಂದ ರಾಂಪುರದವರೆಗೆ. ಕೊಂಡ್ಲಹಳ್ಳಿಯಲ್ಲಿ ಮಗ್ಗದ ಸದ್ದು, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಗೆ ಜರಿಯ ಅಂಚು ಕೂಡಿಸುವವರ ಬೆರಳು, ನಾಯಕನಹಟ್ಟಿಯ ತೇರು, ನುಂಕೆಮಲೆಯ ಮೆಟ್ಟಿಲು. ಶುರುವಿಗೆ ಸಿಗುವ ಸಾಮಾನು: ಒಂದು ಕಂಬಳಿ, ಒಂದು ಕೋಲು, ಎರಡು ಚೀಲ ಬಿತ್ತನೆ ಶೇಂಗಾ, ಸೊಸೈಟಿಯ ಸಾಲ. ಮಳೆ ಯಾವಾಗ ಬರುತ್ತದೆ ಎಂದು ಆಟ ಮಾಡಿದವನಿಗೂ ಗೊತ್ತಿರಕೂಡದು. ಅವ್ವನ ದೇವರಿಗೂ ಒಂದಿಷ್ಟು ಕೆಲಸ ಇರಲಿ. ದೊಣೆಯ ಗೆರೆ ಓದಲು ಕಲಿತವನಿಗೆ ಮಾತ್ರ ಬೇಸಿಗೆ ದಾಟಲು ಸಾಧ್ಯ. ಕರಡಿ ಎದುರಾದರೆ ಹೊಡೆಯುವ ಗುಂಡಿ ಇಲ್ಲ, ದಾರಿ ಬಿಟ್ಟು ನಿಲ್ಲುವ ಗುಂಡಿ ಮಾತ್ರ. ಬ್ರಹ್ಮಗಿರಿಯ ಓಲೆ ಓದಿದ ಆಟಗಾರ ತಾಯಿಯ ಮಾತು ಕೇಳದಿದ್ದರೆ ಅಂಕ ಕಡಿತ. ಫಾಸ್ಟ್ ಟ್ರಾವೆಲ್ ಉಂಟು, ಕೆಂಪು ಬಸ್ಸು. ಎಕ್ಸ್‌ಪ್ರೆಸ್ ಆದರೆ ಬಿ.ಜಿ. ಕೆರೆಯಲ್ಲಿ ನಿಲ್ಲುತ್ತದೋ ಇಲ್ಲವೋ, ಅದೂ ಮಳೆಯ ಲೆಕ್ಕಕ್ಕೇ ಸೇರಿದ್ದು.

ಅಕ್ಕನ ಮಗನಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಆಟ ಕಟ್ಟಲು ಎಷ್ಟು ಕೋಟಿ ಬೇಕು ಎಂದು ಅವನು ಲೆಕ್ಕ ಹೇಳಿದ. ಆಮೇಲೆ ತುಸು ತಡೆದು, "ಮಾಮ, ಆ ದೊಣೆಗೆ ನಾನೂ ಬರ್ತೀನಿ, ಎಷ್ಟು ದೂರ ನಡೀಬೇಕು?" ಅಂದ. ಬೈಕು ಹೋಗಲ್ಲ ಅಂದೆ. ಹೋಗದಿದ್ದರೆ ಒಳ್ಳೆಯದೇ ಅಂದ.

ಆಟ ಆದೀತೋ ಇಲ್ಲವೋ. ಆದರೆ ತ್ಸುಶಿಮಾದ ಯಾವನೋ ಹುಡುಗ ತನ್ನ ಮನೆಯ ಟಿ.ವಿ.ಯ ಮುಂದೆ ಕೂತು ಅದನ್ನಾಡುತ್ತಾನೆ. ಹಾಸುಬಂಡೆ, ಬಿಳಿ ಎತ್ತು, ಕೆಂಪು ಮಣ್ಣು ನೋಡಿ, ಎಂಥ ಜಾಗವಪ್ಪಾ, ಅಲ್ಲಿ ಹೋಗಿ ಇದ್ದುಬಿಡಬೇಕು ಎಂದು ನಿಟ್ಟುಸಿರಿಡುತ್ತಾನೆ. ಅವನಿಗೆ ಈಗಲೇ ಹೇಳಿಬಿಡುತ್ತೇನೆ. ಬಾರಪ್ಪ, ಚಳ್ಳಕೆರೆಯಲ್ಲಿ ಬಳ್ಳಾರಿ ಬಸ್ಸು ಹತ್ತುವ ಮುಂಚೆ ಬಿ.ಜಿ. ಕೆರೆ ಸ್ಟಾಪ್ ಇದೆಯಾ ಎಂದು ಕಂಡಕ್ಟರನ್ನು ಕೇಳಿಕೋ. ಮನೆ ಬಾಡಿಗೆ ನಿಮ್ಮೂರಿಗಿಂತ ಸೋವಿ. ಬೋರಿನ ನೀರಲ್ಲಿ ಫ್ಲೋರೈಡ್ ಇದೆ, ಕುಡಿಯುವ ನೀರನ್ನು ಕ್ಯಾನಿನಲ್ಲಿ ಘಟಕದಿಂದ ತರಬೇಕು. ಕಾಲಿಗೆ ಗಟ್ಟಿ ಚಪ್ಪಲಿ ಇರಲಿ, ಜಾಲಿಮುಳ್ಳು ಜಾಸ್ತಿ. ಬೇಯಿಸಿದ ಹಸಿ ಶೇಂಗಾದ ವಿಷಯ ಮಾತ್ರ ಈಗ ಮಾತು ಕೊಡುವಂತಿಲ್ಲ, ಅದನ್ನು ಹುಬ್ಬೆ ಮಳೆ ಆದ ಮೇಲೆ ಹೇಳುತ್ತೇವೆ.